ನಾಲ್ಕರ ವೈರು, ಮೂರರ ಬಾಕ್ಸು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಜನರೇಟರಿನ ಪಕ್ಕಕ್ಕೆ, ಎಲೆಕ್ಟ್ರಿಷಿಯನ್‌ಗೆಂದು ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ಕಿಟಕಿ ಇರಲಿಲ್ಲ. ಒಂದು ಉದ್ದನೆಯ ಮೇಜು, ಮೊಳೆಗೆ ನೇತುಹಾಕಿದ ವೈರಿನ ಸುರುಳಿಗಳು, ರಿಪೇರಿಗೆಂದು ಬಂದು ಅಲ್ಲೇ ಮುದಿಯಾದ ಒಂದಷ್ಟು ಫ್ಯಾನುಗಳು. ಅಲ್ಲಿ ಕೆಲಸ ಮಾಡುವವನನ್ನು ನರ್ಸುಗಳಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಕರೆಂಟಣ್ಣ ಎನ್ನುತ್ತಿದ್ದರು. ಐವತ್ತು ದಾಟಿದ ಮನುಷ್ಯ. ಮಾತು ಕಡಿಮೆ. ನಡೆಯುವಾಗ ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದ.

ಒಂದು ಮಧ್ಯಾಹ್ನ ಅವನು ಫ್ಯಾನೊಂದನ್ನು ಬಿಚ್ಚಿಕೊಂಡು ಕೂತಿದ್ದಾಗ ಭಾವಮೈದುನ ಬಂದ. ಟ್ಯಾಕ್ಸಿ ಓಡಿಸುವವನು, ಬಾಗಿಲಲ್ಲಿ ಮೊದಲು ಹೊಟ್ಟೆ ಕಾಣಿಸಿತು, ಆಮೇಲೆ ಅವನು ಕಾಣಿಸಿದ.

"ಭಾವಾ, ಅಕ್ಕನ ಮನೇಲಿ ಸ್ವಿಚ್ಚು ಸುಡ್ತಾ ಇದೆ."

ಕರೆಂಟಣ್ಣನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. "ಯಾವ ಸ್ವಿಚ್ಚು?"

"ಓವನ್‌ದು. ಬನ್ ಬೇಯೋಕೆ ಮೊದ್ಲು ಸ್ವಿಚ್ಚೇ ಬೇಯುತ್ತೆ ಅಂತಾಳೆ. ಮುಟ್ಟಿದ್ರೆ ಬಿಸಿ, ಏನೋ ಕಮಟು ವಾಸನೆ ಬೇರೆ."

"ಅವಳೇ ಹೇಳಿದ್ಲಾ, ನನ್ನ ಕರಿ ಅಂತ?"

ಭಾವಮೈದುನ ಗೋಡೆಯಲ್ಲಿದ್ದ ಕ್ಯಾಲೆಂಡರನ್ನು ಬಹಳ ಗಮನವಿಟ್ಟು ನೋಡಿದ. "ಗೊತ್ತಿರೋರು ಯಾರನ್ನಾದ್ರೂ ಕರ್ಕೊಂಡು ಬಾ ಅಂದ್ಲು. ನನಗೆ ಗೊತ್ತಿರೋ ಎಲೆಕ್ಟ್ರಿಷಿಯನ್ ನೀವೊಬ್ರೇ. ಸ್ವಲ್ಪ ಸಂಬಂಧಾನೂ ಇದೆ."

"ನಾನು ಬರೋದು ಅವಳಿಗೆ ಗೊತ್ತಾ?"

"ಬಂದಾಗ ಗೊತ್ತಾಗುತ್ತೆ ಬಿಡಿ."

ಗಂಡ ಹೆಂಡತಿ ಒಂದೇ ಊರಿನಲ್ಲಿ ಬೇರೆ ಬೇರೆ ಮನೆಯಲ್ಲಿದ್ದು ಕೆಲವು ವರ್ಷಗಳಾಗಿದ್ದವು. ಮದುವೆಯಾದ ಹೊಸದರಲ್ಲಿ ಕರೆಂಟಣ್ಣ ಸಣ್ಣದೊಂದು ಮನೆ ಕಟ್ಟಿಸಿ, ಅದರ ವೈರಿಂಗನ್ನೆಲ್ಲ ತನ್ನ ಕೈಯಾರೆ ಮಾಡಿದ್ದ. ಎರಡು ಸ್ವಿಚ್ಚು ಸಾಕಾಗುವ ಕಡೆಯಲ್ಲೆಲ್ಲ ಎಂಟು ಸ್ವಿಚ್ಚು ಹಿಡಿಯುವ ಬಾಕ್ಸು ಕೂರಿಸಿದ್ದ. ಖಾಲಿ ಉಳಿದ ಕಿಂಡಿಗಳಿಗೆ ಬಿಳಿಯ ಮುಚ್ಚಳ ಹಾಕುತ್ತಾರೆ. ಕಸುಬಿನವರು ಅದನ್ನು ಡಮ್ಮಿ ಎನ್ನುತ್ತಾರೆ. ಇದು ಮುಂದೆ ಏಸಿಗೆ, ಇದು ಮುಂದೆ ಹೊರಗಿನ ದೀಪಕ್ಕೆ, ಇದು ಮುಂದೆ ಮಗು ಓದೋ ಮೇಜಿಗೆ ಎಂದು ಒಂದೊಂದೇ ಡಮ್ಮಿಯನ್ನು ಹೆಂಡತಿಗೆ ತೋರಿಸಿ ಹೇಳಿದ್ದ. ಆಮೇಲೆ ದೂರದ ಸೈಟುಗಳ ಕೆಲಸ ಸಿಕ್ಕಿತು. ಕಾರ್ಖಾನೆ, ಬಂದರು, ಸುರಂಗ. ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತಿತ್ತು. ಇದೊಂದು ಕೆಲಸ ಆಗಲಿ, ಬಂದುಬಿಡುತ್ತೇನೆ ಎಂದು ಪ್ರತಿಸಲ ಫೋನಿನಲ್ಲಿ ಹೇಳುತ್ತಿದ್ದ. ಹೇಳುವಾಗ ಪ್ರತಿಸಲವೂ ಅದು ನಿಜವೇ ಆಗಿರುತ್ತಿತ್ತು. ಮಗು ಆಗಲಿಲ್ಲ. ಏಣಿಯಿಂದ ಬಿದ್ದು ಮೊಣಕಾಲು ಮುರಿದುಕೊಂಡ ಮೇಲೆ ಕೊನೆಗೂ ಅವನು ಮನೆಗೆ ಬಂದ. ಬಂದು ನೋಡಿದರೆ, ಅವನಿಲ್ಲದೆ ಬದುಕುವುದನ್ನು ಅವಳು ಚೆನ್ನಾಗಿ ಕಲಿತುಬಿಟ್ಟಿದ್ದಳು. ಜಗಳವಾಗಲಿಲ್ಲ. ಜಗಳವಾಡಿ ಹೋಗಿದ್ದರೆ ರಾಜಿಗೆ ದಾರಿಯಾದರೂ ಇರುತ್ತಿತ್ತು. ಒಂದು ವರ್ಷ ಜೊತೆಗಿದ್ದು, "ಮನೇಲಿ ನೆಂಟರು ಬಂದು ಉಳ್ಕೊಂಡ ಹಾಗಿದೆ ಕಣ್ರೀ, ನನಗೆ ಆಗ್ತಿಲ್ಲ" ಎಂದು ಹೇಳಿ, ಅವಳು ಬೇರೆ ಬಾಡಿಗೆ ಮನೆ ಹಿಡಿದಳು. ಬನ್ನು, ಬ್ರೆಡ್ಡು ಮಾಡಿ ಅಂಗಡಿಗಳಿಗೆ ಕೊಡಲು ಶುರುಮಾಡಿದಳು.

ಆಮೇಲೆ ಅವನು ಅವಳನ್ನು ಕಂಡದ್ದು ದೂರದಿಂದಲೇ. ಬಸ್ಸಿನ ಕಿಟಕಿಯಲ್ಲಿ ಒಮ್ಮೆ. ಔಷಧಿ ಅಂಗಡಿಯ ಮುಂದೆ ಒಮ್ಮೆ. ಆಗ ಅವಳಿಗೆ ಏನು ಕಾಯಿಲೆಯೋ ಎಂದು ಒಂದು ವಾರ ಅವನಿಗೆ ಊಟ ಸೇರಿರಲಿಲ್ಲ.

ಭಾನುವಾರ ಬೆಳಿಗ್ಗೆ ಭಾವಮೈದುನನ ಜೊತೆ ಹೋಗಿ ನಿಂತ. ಬಾಗಿಲು ತೆಗೆದವಳ ಮೊಣಕೈವರೆಗೂ ಹಿಟ್ಟು. ತಮ್ಮನನ್ನು ನೋಡಿದಳು. ಅವನ ಹಿಂದೆ ಟೂಲ್ ಬ್ಯಾಗು ಹೆಗಲಿಗೇರಿಸಿ ನಿಂತ ಗಂಡನನ್ನು ನೋಡಿದಳು. ಮತ್ತೆ ತಮ್ಮನನ್ನು ನೋಡಿದಳು. ಆ ಎರಡನೇ ನೋಟಕ್ಕೆ ತಮ್ಮ, "ಗಾಡಿ ಅಡ್ಡ ನಿಲ್ಸಿದೀನಿ, ತೆಗೆದಿಟ್ಟು ಬರ್ತೀನಿ" ಎಂದು ಹೋದವನು ಆ ದಿನ ತಿರುಗಿ ಬರಲಿಲ್ಲ.

"ಒಳಗೆ ಬನ್ನಿ," ಎಂದಳು. "ನೋಡ್ಕೊಂಡು. ನೆಲದ ತುಂಬಾ ಹಿಟ್ಟಿದೆ."

ಎರಡೇ ಕೋಣೆಯ ಮನೆ. ಮುಂದಿನದರಲ್ಲಿ ಅವಳ ಮಂಚ, ಒಂದು ಕುರ್ಚಿ, ಹಿಟ್ಟಿನ ಮೂಟೆಗಳು. ಹಿಂದಿನದು ಅಡುಗೆಮನೆ, ಅದರ ಅರ್ಧವನ್ನು ಒಂದು ದೊಡ್ಡ ಓವನ್ ನುಂಗಿಕೊಂಡಿತ್ತು. ಗೋಡೆಗೆ ತಿಳಿ ಹಸಿರು ಬಣ್ಣ, ಹೊಸದು. ಮೂಲೆಗಳಲ್ಲಿ ಬ್ರಶ್ಶಿನ ಗುರುತು ಕಾಣುತ್ತಿತ್ತು. ಪೇಂಟರ್ ಬಳಿದದ್ದಲ್ಲ, ಅವಳೇ ಬಳಿದದ್ದು ಎಂದು ಅವನಿಗೆ ನೋಡಿದ ಕೂಡಲೇ ಗೊತ್ತಾಯಿತು. ಕುರ್ಚಿ ಒಂದೇ ಇರುವುದನ್ನೂ ನೋಡಿದ.

ಮೇನ್ ಆಫ್ ಮಾಡಿ ಬಂದು ಸ್ವಿಚ್ಚಿನ ಪ್ಲೇಟು ಬಿಚ್ಚಿದ. ಬಿಳಿಯ ಪ್ಲೇಟು ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಒಳಗೆ ವೈರಿನ ಮೇಲಿನ ಪ್ಲಾಸ್ಟಿಕ್ ಕರಗಿ ತಾಮ್ರ ಕಪ್ಪಾಗಿತ್ತು.

"ಸ್ವಿಚ್ಚು ಬದಲಾಯಿಸಿದ್ರೆ ಸಾಕಲ್ವಾ?" ಅವಳು ಹಿಂದಿನಿಂದ ಕೇಳಿದಳು.

"ಸ್ವಿಚ್ಚಿನ ತಪ್ಪಲ್ಲ. ಇದು ಒಂದೂವರೆ ಎಂಎಂ ವೈರು, ಸಣ್ಣದು. ಹಿಂದೆ ಇದ್ದೋರು ಮಿಕ್ಸಿಗೋ ಏನಕ್ಕೋ ಹಾಕಿಸ್ಕೊಂಡಿರೋದು. ಅವರಿಗೆ ಅದು ಸರೀನೇ. ನಿನ್ನ ಓವನ್ ಎಳೆಯೋ ಕರೆಂಟಿಗೆ ಇದು ಸಾಲಲ್ಲ. ಒಬ್ರು ಹೋಗೋ ಓಣೀಲಿ..."

"ಜಾತ್ರೆ ಜನ ನುಗ್ಗಿದ ಹಾಗೆ," ಎಂದು ಅವಳೇ ಮುಗಿಸಿದಳು. "ಗೊತ್ತು. ಮದುವೆ ಆದಾಗಿಂದ ಕೇಳಿದೀನಿ. ಎರಡೂವರೆ ಹಾಕಿದ್ರೆ?"

ಅವನಿಗೆ ನಗು ಬಂತು, ತಡೆದುಕೊಂಡ. "ಎರಡೂವರೆ ಹಾಕಿದ್ರೂ ನಡೆಯುತ್ತೆ. ಆದ್ರೆ ನೀನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಆರಿಸೋದೇ ಇಲ್ಲ. ನಾಲ್ಕರ ವೈರು ಹಾಕೋಣ. ಮೀಟರ್ ಬೋರ್ಡಿಂದ ಸೀದಾ ಇಲ್ಲಿಗೆ, ಮಧ್ಯೆ ಯಾವ ದೀಪಾನೂ ಫ್ಯಾನೂ ಸೇರಿಸ್ದೆ. ಇದಕ್ಕೇ ಅಂತ ಬೇರೆ ಟ್ರಿಪ್ಪರ್, ಲೋಡ್ ಜಾಸ್ತಿ ಆದ್ರೆ ತಾನೇ ಆಫ್ ಆಗೋದು."

"ಸರಿ."

"ಬಾಕ್ಸೂ ಬದಲಾಯಿಸ್ಬೇಕು. ನಾಲ್ಕರ ವೈರು ಈ ಚಿಕ್ಕ ಬಾಕ್ಸಲ್ಲಿ ಮಡಚಲ್ಲ. ಬಲವಂತ ಮಾಡಿ ತುರುಕಿದ್ರೆ ತಿರುಪು ಸಡಿಲ ಆಗುತ್ತೆ, ಮತ್ತೆ ಬಿಸಿ ಆಗುತ್ತೆ. ಆರು ಕಿಂಡಿಯ ಬಾಕ್ಸು ಹಾಕೋಣ. ಮುಂದೆ ಇನ್ನೊಂದು ಓವನ್ ತಗೊಂಡ್ರೆ, ಹಿಟ್ಟು ಕಲಸೋ ಮಿಷನ್ ತಗೊಂಡ್ರೆ..."

ಅವಳು ಕೈಗೆ ಅಂಟಿದ ಹಿಟ್ಟನ್ನು ಬೆರಳಿನಿಂದ ಬೆರಳಿಗೆ ಉಜ್ಜಿ ತೆಗೆಯುತ್ತಿದ್ದಳು. "ಈಗ ಏನಿದೆ ಅದಕ್ಕೆ ಎಷ್ಟು ಬೇಕು?"

"ಒಂದು ಸ್ವಿಚ್ಚು, ಎರಡು ಕಿಂಡಿ ಹಿಡಿಯೋ ಒಂದು ಸಾಕೆಟ್ಟು. ಮೂರರದು ಸಾಕು. ಆದ್ರೆ..."

"ಮೂರರದೇ ಹಾಕಿ."

"ಮೂರರಲ್ಲಿ ವೈರಿಗೆ ಜಾಗ ಸಾಲಲ್ಲ ಅಂತಾನೇ ಹೇಳ್ತಿದೀನಿ."

"ವೈರಿಗೆ ಜಾಗ ಬೇಕಾದ್ರೆ ಮಾಡಿ. ಮುಂದಕ್ಕೆ ಅಂತ ಜಾಗ ಬೇಡ." ಅವಳ ದನಿ ಏರಲಿಲ್ಲ. "ಆ ಮನೇಲಿ ವಾರವಾರ ಡಮ್ಮಿಗಳ ಧೂಳು ಒರೆಸಿದೀನಿ ನಾನು. ಇದು ಅವರು ಬಂದಮೇಲೆ, ಇದು ಅವರು ಬಂದಮೇಲೆ ಅಂತ ಒರೆಸ್ತಾ ಇದ್ದೆ. ಈ ಗೋಡೇಲಿ ಅದನ್ನ ನೋಡೋಕೆ ನನಗೆ ಇಷ್ಟ ಇಲ್ಲ."

ಅವನು ಸುಟ್ಟ ಸ್ವಿಚ್ಚನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಕೊನೆಗೆ, "ಆಳದ ಬಾಕ್ಸು ಅಂತ ಬರುತ್ತೆ," ಎಂದ. "ಮುಖ ಮೂರರದೇ, ಗೋಡೆ ಒಳಗೆ ಮಾತ್ರ ಹೆಚ್ಚು ಹೋಗುತ್ತೆ. ಈಗ ಯಾರೂ ಕೇಳಲ್ಲ ಅಂತ ಅಂಗಡಿಯವರು ಇಡಲ್ಲ. ಹುಡುಕ್ತೀನಿ."

"ಅಲ್ಲೀವರೆಗೆ ಓವನ್?"

"ಹಚ್ಚೋ ಹಾಗಿಲ್ಲ."

ಅವಳು ಮೇಜಿನ ಕಡೆ ನೋಡಿದಳು. ತಟ್ಟೆಗಳಲ್ಲಿ ಹಿಟ್ಟಿನ ಉಂಡೆಗಳು ಸಾಲಾಗಿ ಕೂತು ಆಗಲೇ ಉಬ್ಬತೊಡಗಿದ್ದವು. ಸಂಜೆಗೆ ಹಾಸ್ಟೆಲಿಗೆ ಬನ್ನು ಕೊಡಬೇಕಿತ್ತು. ಬೀದಿಯ ಕೊನೆಯಲ್ಲಿ ಒಬ್ಬ ಮುದುಕನ ಹಳೆಯ ಬೇಕರಿ ಇತ್ತು, ಸೌದೆಯ ಒಲೆಯದು. ಕೇಳಿದರೆ ಇಲ್ಲ ಎನ್ನುವವನಲ್ಲ, ಆದರೆ ಅಷ್ಟು ತಟ್ಟೆಗಳನ್ನು ಅವಳೊಬ್ಬಳೇ ಹೊರುವುದು ಆಗದ ಮಾತು. ಅವನು ಕೈ ತೊಳೆದುಕೊಂಡು ಬಂದು, ಎರಡು ತಟ್ಟೆ ಎತ್ತಿಕೊಂಡ.

ಬೀದಿಯುದ್ದಕ್ಕೂ ಇಬ್ಬರೂ ಹಿಂದೆ ಮುಂದೆ ನಡೆದರು. ಅವನ ಕಾಲೆಳೆತಕ್ಕೆ ತಟ್ಟೆ ಓಲಾಡದಂತೆ ಅವಳು ತನ್ನ ನಡಿಗೆಯನ್ನು ನಿಧಾನ ಮಾಡಿದ್ದನ್ನು ಅವನು ಗಮನಿಸಿದ. ಎರಡನೇ ಸಲ ಹೋದಾಗ ಬೇಕರಿಯ ಮುದುಕ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಕೆಲಸಕ್ಕೆ ಜನ ಇಟ್ಕೊಂಡ್ಯೇನಮ್ಮಾ? ಸ್ವಲ್ಪ ವಯಸ್ಸಾದವನನ್ನೇ ಹಿಡಿದಿದೀಯ" ಎಂದ.

"ಅಲ್ಲ ತಾತ," ಎಂದಳು, ತಟ್ಟೆ ಇಳಿಸುತ್ತಾ. "ನಮ್ಮ ಮನೆಯವರು."

ಮುದುಕ ಒಲೆಯ ಬಾಗಿಲು ತೆಗೆದ. ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಅವಳು ಆ ಮಾತನ್ನು ಯೋಚಿಸಿ ಹೇಳಿರಲಿಲ್ಲ. ಗಂಡನನ್ನು ತೋರಿಸಿ ಯಾರಾದರೂ ಕೇಳಿದರೆ ಬೇರೆ ಯಾವ ಮಾತು ತಾನೇ ಇದೆ? ಅಷ್ಟನ್ನು ಅವನು ತನಗೆ ತಾನೇ ಹೇಳಿಕೊಂಡ. ಆದರೂ ಮುಂದಿನ ತಟ್ಟೆಗಳನ್ನು ತರಲು ವಾಪಸ್ಸು ನಡೆಯುವಾಗ, ಮನೆ ಬೇರೆಯಾಗಿಯೂ ತಾನು ಅವಳ ಬಾಯಲ್ಲಿ ಮನೆಯವನಾಗಿಯೇ ಉಳಿದಿದ್ದೇನಲ್ಲ ಎಂಬುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು.

ಆ ವಾರ ಡ್ಯೂಟಿ ಮುಗಿದ ಮೇಲೆ ದಿನವೂ ಎಲೆಕ್ಟ್ರಿಕ್ ಅಂಗಡಿಗಳನ್ನು ಅಲೆದ. ವೈರು ಮೊದಲ ಅಂಗಡಿಯಲ್ಲೇ ಸಿಕ್ಕಿತು. ಕೆಂಪು, ಕಪ್ಪು, ಹಸಿರು ಮೂರನ್ನೂ ಬೆರಳ ನಡುವೆ ಮಡಚಿ ನೋಡಿ ತೆಗೆದುಕೊಂಡ. ಆಳದ ಬಾಕ್ಸು ಸಿಗಲಿಲ್ಲ. "ದೊಡ್ಡದೇ ತಗೊಳ್ಳಿ, ಉಳಿದದ್ದಕ್ಕೆ ಡಮ್ಮಿ ಹಾಕಿದ್ರಾಯ್ತು" ಎಂದು ಎಲ್ಲರೂ ಒಂದೇ ಮಂತ್ರ ಹೇಳಿದರು. ಡಮ್ಮಿ ಬೇಡ ಎಂದಾಗ ಒಬ್ಬ, "ಯಾಕೆ, ಗೋಡೆಗೆ ದೃಷ್ಟಿ ಆಗುತ್ತಾ?" ಎಂದು ಕೇಳಿದ. ಕೊನೆಗೆ ಹಳೇ ಸಾಮಾನಿನ ಬೀದಿಯಲ್ಲಿ, ಮುಚ್ಚುವುದಕ್ಕೆ ಅಣಿಯಾಗಿದ್ದ ಅಂಗಡಿಯ ಅಟ್ಟದ ಮೇಲೆ ಒಂದು ಸಿಕ್ಕಿತು. ತುಕ್ಕು ಹಿಡಿದಿತ್ತು. ಆಸ್ಪತ್ರೆಯ ಕೋಣೆಯಲ್ಲಿ ಕೂತು ಅದನ್ನು ಉಪ್ಪುಕಾಗದದಿಂದ ಉಜ್ಜಿ, ಬಣ್ಣ ಹಚ್ಚಿ, ಒಣಗಲು ಫ್ಯಾನಿನ ಮುಂದಿಟ್ಟ. ಯಾರಿಗೆ ಎಂದು ಒಬ್ಬ ನರ್ಸಮ್ಮ ಕೇಳಿದಳು. ಮನೆಗೆ, ಎಂದ.

ಮುಂದಿನ ಭಾನುವಾರ ಹೋದಾಗ ಅವಳು ಅಡುಗೆಮನೆಯ ಸಾಮಾನನ್ನೆಲ್ಲ ಸರಿಸಿ, ಓವನ್ನಿಗೆ ಹಳೆಯ ಬೆಡ್‌ಶೀಟು ಹೊದಿಸಿ ಇಟ್ಟಿದ್ದಳು. ಅವನು ಬಾಕ್ಸನ್ನು ಗೋಡೆಗೆ ಹಿಡಿದು ಪೆನ್ಸಿಲಿನಲ್ಲಿ ಗೀಟು ಎಳೆದ. ಗೀಟಿನ ಆಚೆ ಒಂದು ಚೂರೂ ಬಣ್ಣ ಏಳದ ಹಾಗೆ, ಉಳಿಯನ್ನು ಮೆಲ್ಲಗೆ ತಟ್ಟುತ್ತಾ ಕೊರೆದ. ಆಳಕ್ಕೆ ಹೋದಷ್ಟೂ ಇಟ್ಟಿಗೆಯ ಪುಡಿ ಉದುರಿತು. ಅವಳು ಕೆಳಗೆ ಮೊರ ಹಿಡಿದು ನಿಂತಳು.

ಆಮೇಲೆ ವೈರು ಎಳೆಯುವ ಕೆಲಸ. ಪೈಪು ಗೋಡೆಯೊಳಗೆ ಮೊದಲೇ ಇತ್ತು. ಮೀಟರ್ ಬೋರ್ಡು ಮುಂಬಾಗಿಲ ಹೊರಗೆ. ಅವನು ಅಲ್ಲಿ ನಿಂತು ವೈರನ್ನು ಒಳಕ್ಕೆ ತಳ್ಳಬೇಕು, ಅವಳು ಅಡುಗೆಮನೆಯಿಂದ ಎಳೆತಂತಿ ಹಿಡಿದು ಎಳೆಯಬೇಕು. ಒಬ್ಬರಿಗೊಬ್ಬರು ಕಾಣುವುದಿಲ್ಲ. ಮೊದಲ ಮನೆಯ ವೈರಿಂಗಿಗೂ ಅವರಿಬ್ಬರೇ ಇದ್ದರು.

"ಎಳೀಲಾ?" ಒಳಗಿನಿಂದ ದನಿ ಬಂತು.

"ನಿಧಾನ. ನಾನು ಬಿಟ್ಟಷ್ಟೇ ಎಳಿ."

ಮೂರು ದಪ್ಪ ವೈರುಗಳು ಅವನ ಅಂಗೈಯೊಳಗಿಂದ ಜಾರುತ್ತಾ ಗೋಡೆಯೊಳಗೆ ಹೋದವು. ಪೈಪು ತಿರುಗುವ ಕಡೆ ತಡೆದವು. ಅವನು ಸ್ವಲ್ಪ ಹಿಂದಕ್ಕೆಳೆದು, ತಿರುಚಿ, ಮತ್ತೆ ಬಿಟ್ಟ. ಆಚೆ ಕಡೆ ಅವಳೂ ಏನೂ ಹೇಳಿಸಿಕೊಳ್ಳದೆ ಸಡಿಲ ಬಿಟ್ಟು, ಮತ್ತೆ ಬಿಗಿ ಹಿಡಿದಳು. ಅವಳ ಕೈಯ ಎಳೆತ ವೈರಿನ ಉದ್ದಕ್ಕೂ ಬಂದು ಅವನ ಬೆರಳಿಗೆ ತಾಕುತ್ತಿತ್ತು. ಕಂಡೂ ಕಾಣದ ಹಾಗಿದ್ದ ಇಷ್ಟು ವರ್ಷಗಳಲ್ಲಿ ಅವಳಿಗೆ ಇಷ್ಟು ಹತ್ತಿರ ಅವನು ಬಂದದ್ದೇ ಇಲ್ಲ. ಪೈಪು ಇನ್ನೂ ಉದ್ದವಿರಬಾರದಿತ್ತೇ ಅನ್ನಿಸಿತು.

"ಬಂತು," ಎಂದಳು ಒಳಗಿನಿಂದ. "ಇನ್ನೆಷ್ಟು ಬೇಕು?"

"ಒಂದು ಗೇಣು ಹೆಚ್ಚಿಗೆ ಬಿಡು, ಸಾಕು."

ಬಾಕ್ಸನ್ನು ಸಿಮೆಂಟಿನಲ್ಲಿ ಕೂರಿಸಿ, ಮಟ್ಟ ನೋಡಿ, ಅವನು ಕೈ ಒರೆಸಿಕೊಂಡ. "ಸಿಮೆಂಟು ಒಣಗ್ಬೇಕು. ಮುಂದಿನ ವಾರ ಬಂದು ಸ್ವಿಚ್ಚು ಕೂರಿಸ್ತೀನಿ."

"ಇಷ್ಟು ಸಿಮೆಂಟು ಒಣಗೋಕೆ ಒಂದು ವಾರ ಬೇಡ," ಎಂದಳು. "ನಾಳೆ ಬೆಳಿಗ್ಗೆಗೆ ಕಲ್ಲಾಗಿರುತ್ತೆ. ನನಗೇ ಹೇಳ್ತೀರಾ?"

ಅವನು ಬ್ಯಾಗಿನ ಜಿಪ್ಪು ಎಳೆಯುವುದರಲ್ಲಿ ಮುಳುಗಿದ. ಅವಳು ಚಹಾ ತಂದುಕೊಟ್ಟಳು, ಮುದುಕನ ಒಲೆಯಲ್ಲಿ ಬೆಂದ ಬನ್ನಿನ ಜೊತೆ. ಅವನನ್ನು ಕುರ್ಚಿಯಲ್ಲಿ ಕೂರಿಸಿ ತಾನು ಹಿಟ್ಟಿನ ಮೂಟೆಯ ಮೇಲೆ ಕೂತಳು. ಸೌದೆ ಒಲೆಯಲ್ಲಿ ತಳ ಹೊತ್ತುತ್ತದೆ, ಹಾಸ್ಟೆಲಿನ ಹುಡುಗಿಯರು ಹೊತ್ತಿದ್ದೇ ಚೆನ್ನಾಗಿದೆ ಎನ್ನುತ್ತಾರೆ ಎಂದಳು. ಅವನು ಆಸ್ಪತ್ರೆಯ ಲಿಫ್ಟಿನ ಕಥೆ ಹೇಳಿದ. ಅವಳು ನಕ್ಕಳು, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಅಭ್ಯಾಸ ಹಾಗೇ ಇತ್ತು.

"ಆ ಮನೇಲಿ ಜಾಗ ಬಹಳ ಇದೆ," ಎಂದ ಅವನು, ಲೋಟದ ತಳ ನೋಡುತ್ತಾ. "ಹಿತ್ತಲ ಕಡೆ ಕೋಣೆಗೆ ಇದಕ್ಕಿಂತ ದೊಡ್ಡ ಓವನ್ ಹಿಡಿಯುತ್ತೆ."

ಅವಳು ತನ್ನ ಲೋಟವನ್ನು ನೆಲಕ್ಕಿಟ್ಟಳು.

"ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ," ಎಂದಳು ಆಮೇಲೆ. "ಮೊದ್ಲು ಇತ್ತು, ಈಗ ಹುಡುಕಿದ್ರೂ ಸಿಗಲ್ಲ. ಆದ್ರೆ ಇಲ್ಲಿ ನಾನು ಯಾರಿಗೂ ಕಾಯೋದಿಲ್ಲ. ಸಂಜೆ ಆದ್ರೆ ಸಂಜೆ, ಅಷ್ಟೆ. ಅದು ಎಷ್ಟು ಹಾಯಾಗಿದೆ ಅಂತ ನಿಮಗೆ ಹೇಗೆ ಹೇಳ್ಲಿ."

"ಈಗ ನಾನೆಲ್ಲೂ ಹೋಗಲ್ಲವಲ್ಲ."

"ಗೊತ್ತು. ಈಗ ಕಾಯ್ತಿರೋದು ನೀವು ಅಂತಾನೂ ಗೊತ್ತು." ಅವಳ ದನಿ ಮೆತ್ತಗಾಯಿತು. "ನನಗೆ ಅದು ನೋಡೋಕೂ ಕಷ್ಟ ಆಗುತ್ತೆ."

ಮರುದಿನ ಅವನು ಅರ್ಧ ದಿನ ರಜೆ ಹಾಕಿ ಬಂದ. ಸಿಮೆಂಟು ಕಲ್ಲಾಗಿತ್ತು. ನಾಲ್ಕರ ವೈರುಗಳು ಬಾಕ್ಸಿನ ಆಳದಲ್ಲಿ ಸುತ್ತಿಕೊಂಡು ಆರಾಮವಾಗಿ ಕೂತವು. ಕೊನೆಯ ತಿರುಪು ಬಿಗಿಯುವ ಮೊದಲು ಅವನ ಕೈ ತಡೆಯಿತು. ಇಷ್ಟು ಹೊತ್ತು ಉರಿಯುವ ಓವನ್ನಿಗೆ ವರ್ಷಕ್ಕೊಂದು ಸಲವಾದರೂ ತಿರುಪು ಬಿಗಿ ಇದೆಯೇ ಎಂದು ನೋಡಬೇಕು. ಆಗಾಗ ಕರೆ, ಬಂದು ನೋಡುತ್ತೇನೆ ಎಂದುಬಿಟ್ಟರೆ ಸಾಕಿತ್ತು. ಸುಳ್ಳೂ ಅಲ್ಲ. ಬರುವುದಕ್ಕೊಂದು ನೆಪ ಕಾಯಂ ಆಗಿರುತ್ತಿತ್ತು.

"ಇಲ್ಲಿ ಬಾ," ಎಂದ. "ಇದನ್ನ ನೀನೇ ಕಲ್ತುಕೋ."

ಮೊದಲು ಹೊರಗಿನ ಟ್ರಿಪ್ಪರ್ ಕೆಳಗಿಳಿಸಿ, ಆಮೇಲೆ ಟೆಸ್ಟರ್ ಹಚ್ಚಿ ಅದರ ದೀಪ ಹೊತ್ತದೇ ಇರುವುದನ್ನು ನೋಡಿ, ಅದಾದ ಮೇಲೇ ಕೈ ಹಾಕಬೇಕು ಎಂದು ತೋರಿಸಿದ. ಅವಳ ಕೈಗೆ ಸ್ಕ್ರೂಡ್ರೈವರ್ ಕೊಟ್ಟ. ಅವಳು ತಿರುಪಿದಳು.

"ಇನ್ನೂ ಸ್ವಲ್ಪ. ಅತಿ ಬಿಗಿದ್ರೂ ತಾಮ್ರ ಕತ್ತರಿಸುತ್ತೆ. ಹಾಂ, ಅಲ್ಲೇ. ಕೈಗೆ ಗೊತ್ತಾಯ್ತಾ?"

"ಗೊತ್ತಾಯ್ತು."

"ಇಷ್ಟೇ. ಇದಕ್ಕೆ ಯಾರನ್ನೂ ಕರೀಬೇಕಾಗಿಲ್ಲ."

ಅವಳು ಸ್ಕ್ರೂಡ್ರೈವರ್ ವಾಪಸ್ಸು ಕೊಡಲು ಕೈ ಚಾಚಿದಳು. ಇಟ್ಟುಕೋ ಎಂದ. ಓವನ್ ಹಚ್ಚಿ, ಒಂದು ಬಾರಿಯ ಬನ್ನು ಬೇಯುವವರೆಗೂ ಇಬ್ಬರೂ ಅಲ್ಲೇ ನಿಂತರು. ಅವಳು ಪ್ಲೇಟಿನ ಮೇಲೆ ಅಂಗೈಯಿಟ್ಟು ನೋಡಿದಳು. ತಣ್ಣಗಿತ್ತು. ಮೂರರ ಚಿಕ್ಕ ಪ್ಲೇಟು, ಹಸಿರು ಗೋಡೆಯ ಮೇಲೆ ಒಂದು ಕಿಂಡಿಯೂ ಖಾಲಿಯಿಲ್ಲದೆ ಕೂತಿತ್ತು.

ಅದಾದ ಮೇಲೆ ಅವನಿಗೆ ಕರೆ ಬರಲಿಲ್ಲ. ಬರಬೇಕಾದ ಕಾರಣವನ್ನು ತಾನೇ ಕಿತ್ತುಹಾಕಿದ್ದೇನೆಂದು ಗೊತ್ತಿದ್ದರೂ, ಫೋನು ಸದ್ದು ಮಾಡಿದಾಗಲೆಲ್ಲ ಕೆಲಸ ಬಿಟ್ಟು ಎದ್ದು ನೋಡುತ್ತಿದ್ದ. ಭಾವಮೈದುನ ಆಗಾಗ ಬಂದು ಸುದ್ದಿ ಕೊಡುತ್ತಿದ್ದ: ಅಕ್ಕ ಇನ್ನೆರಡು ಅಂಗಡಿ ಹಿಡಿದಿದ್ದಾಳೆ, ಅಕ್ಕ ಪಕ್ಕದ ಮನೆಯವರ ಸಾಕೆಟ್ಟಿನ ತಿರುಪು ಬಿಗಿದುಕೊಟ್ಟಿದ್ದಾಳೆ, "ಇನ್ನು ಸ್ವಲ್ಪ ದಿನ ಹೋದ್ರೆ ನಿಮ್ಮ ಕೆಲಸಕ್ಕೇ ಸಂಚಕಾರ, ಭಾವಾ." ಅವನು ನಗುತ್ತಿದ್ದ. ಭಾವಮೈದುನ ಹೋದ ಮೇಲೆ ಆ ಸುದ್ದಿಯನ್ನೇ ಮತ್ತೆ ಮತ್ತೆ ತಿರುವಿ ಹಾಕುತ್ತಾ ಫ್ಯಾನು ಬಿಚ್ಚುತ್ತಿದ್ದ.

ಸೆಕೆ ಶುರುವಾಗುವ ಹೊತ್ತಿಗೆ, ಒಂದು ಮಧ್ಯಾಹ್ನ, ನೆಲಮಾಳಿಗೆಯ ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ಅವಳು. ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ.

ಅವನು ಎದ್ದು ನಿಂತ. "ಏನಾಯ್ತು? ಮತ್ತೆ ಬಿಸಿ ಆಗ್ತಿದೆಯಾ?"

"ಇಲ್ಲ."

"ಟ್ರಿಪ್ ಆಗ್ತಿದೆಯಾ?"

"ಏನೂ ಆಗಿಲ್ಲ. ಈ ಕಡೆ ಅಂಗಡಿಗೆ ಬಂದಿದ್ದೆ." ಅವಳು ಕೋಣೆಯ ಸುತ್ತ ನೋಡಿದಳು. "ಇಲ್ಲೇನಾ ನೀವು ಇಡೀ ದಿನ ಇರೋದು? ಕಿಟಕೀನೇ ಇಲ್ಲವಲ್ಲ."

ಅವನು ಸ್ಟೂಲಿನ ಮೇಲಿದ್ದ ವೈರಿನ ಸುರುಳಿ ತೆಗೆದು, ಧೂಳು ಒರೆಸಿ, ಅವಳತ್ತ ಸರಿಸಿದ. ಬನ್ನು ಇನ್ನೂ ಬೆಚ್ಚಗಿತ್ತು. ಜನರೇಟರಿನ ಸದ್ದಿಗೆ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಹೊರಡುವಾಗ ಅವನು ಬಸ್ ಸ್ಟಾಪಿನವರೆಗೆ ಜೊತೆಗೆ ಹೋದ. ಬಿಸಿಲಿಗೆ ಕಲ್ಲುಬೆಂಚು ಕಾದಿತ್ತು. ಖಾಲಿ ಬುಟ್ಟಿಯನ್ನು ನಡುವೆ ಇಟ್ಟುಕೊಂಡು ಕೂತರು.

ಬಸ್ಸು ಬಂತು. ಅವಳು ಏಳಲಿಲ್ಲ.

"ಇದು ರಶ್ ಇದೆ," ಎಂದಳು.

ಅವನು ನೋಡಿದ. ಕಿಟಕಿ ಪಕ್ಕದ ಸೀಟುಗಳೆಲ್ಲ ಖಾಲಿಯಿದ್ದವು. ಬಸ್ಸು ಹೊರಟು ತಿರುವು ದಾಟುವವರೆಗೂ ಅವನು ಒಂದು ಮಾತೂ ಆಡಲಿಲ್ಲ. ಆಡಿದರೆ ಎಲ್ಲಿ ಅವಳು ಏಳುತ್ತಾಳೋ ಎಂಬ ಅಂಜಿಕೆ. ಅವಳು ತನ್ನ ಹೊಸ ಅಂಗಡಿಯವನು ಎಷ್ಟು ಚೌಕಾಸಿ ಮಾಡುತ್ತಾನೆಂದು ಹೇಳತೊಡಗಿದಳು. ಅವನು ಕೇಳುತ್ತಾ ಕೂತ. ಮುಂದಿನ ಬಸ್ಸು ಬಂದಾಗ ಅವಳು ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಬುಟ್ಟಿ ಎತ್ತಿಕೊಂಡು, ಹತ್ತಿಹೋದಳು.